ಬಾಯಿ ಬರದಾಗಲೂ ‘ಆತನ ಕೃಪೆ ಶಾಶ್ವತ’ ಅನ್ನಬೇಕೇ?

ಪ್ರಶ್ನೆ: ನಮ್ಮದು ಜಗಳೂರು ಕಡೆಯ ಹಳ್ಳಿ. 2023ರಲ್ಲಿ ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿತು. ಮೂರು ಬೋರು ಕೊರೆಸಿದೆವು, ಮೂರೂ ಫೇಲ್. ಆ ಸಾಲದ ಬಡ್ಡಿ ಇನ್ನೂ ಕಟ್ಟುತ್ತಿದ್ದೇವೆ. ಭಾನುವಾರ ಚರ್ಚಿನಲ್ಲಿ ಎಲ್ಲರೂ ‘ಆತನ ಕೃಪೆ ಶಾಶ್ವತ’ ಅನ್ನುವಾಗ ನನಗೆ ಬಾಯಿಯೇ ಬರುವುದಿಲ್ಲ. ಮನಸ್ಸಿಲ್ಲದೆ ಅಂದರೆ ಸುಳ್ಳಾಗುವುದಿಲ್ಲವೇ?

ಉತ್ತರ: ಅಕ್ಕಾ, ದಾವಣಗೆರೆಯ ನಮ್ಮ ಸಭೆಯಲ್ಲೂ ಬರಗಾಲ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಬಾಯಿ ಬರದಿದ್ದರೆ ಅನ್ನಬೇಡಿ. ಸುಮ್ಮನೆ ಕೂತಿರಿ, ಎದ್ದು ಮಾತ್ರ ಹೋಗಬೇಡಿ.

ಆ ಮಾತಿರುವ, ಬೈಬಲಿನ 136ನೇ ಕೀರ್ತನೆಯನ್ನೇ ನೋಡಿ. ಅದರಲ್ಲಿ 26 ವಚನ. ಪ್ರತಿ ವಚನದ ಮೊದಲರ್ಧ ಬೇರೆ ಬೇರೆ, ಎರಡನೆಯ ಅರ್ಧ ಒಂದೇ. ನಮ್ಮಲ್ಲಿ ಸೋಬಾನೆ ಹೇಳುವಾಗ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರಲ್ಲ, ಹಾಗೆ. ಒಬ್ಬಳ ಗಂಟಲು ಕಟ್ಟಿದರೆ ಪದ ನಿಲ್ಲುವುದಿಲ್ಲ, ಪಕ್ಕದವಳು ಮುಂದುವರಿಸುತ್ತಾಳೆ. ಈ ಸೊಲ್ಲು ಒಬ್ಬರೇ ಹೊರಲಿ ಎಂದು ಕಟ್ಟಿದ್ದಲ್ಲ. ಇಸ್ರಾಯೇಲ್ಯರಿಗಾಗಿ ಸಮುದ್ರ ಇಬ್ಭಾಗವಾದದ್ದಕ್ಕೆ ಬರುವ ಸೊಲ್ಲೇ ಅವರು ಅಡವಿಯಲ್ಲಿ ಅಲೆದದ್ದಕ್ಕೂ ಬರುತ್ತದೆ. ಆ ಅಲೆದಾಟ 40 ವರ್ಷದ್ದು.

‘ನಿಮ್ಮ ನಂಬಿಕೆ ಸಾಲದು, ಅದಕ್ಕೇ ಹೀಗಾಯಿತು’ ಎಂದು ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ. ಬೈಬಲಿನಲ್ಲಿ ಕಷ್ಟದ ಮೇಲೆ ಕಷ್ಟ ಕಂಡ ಯೋಬನಿಗೆ ಅವನ ಸ್ನೇಹಿತರೂ ಇಂಥದೇ ಮಾತು ಆಡಿದ್ದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ.

ನಿಮ್ಮ ಪತ್ರ ಓದುತ್ತ ನನಗೆ ನೆನಪಾದವಳು ಬೈಬಲಿನ ನೊವೊಮಿ. ಬರ ಬಂದು ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಗುಳೆ ಹೋದ ಮನೆ ಅವಳದು. ಅಲ್ಲಿ ಗಂಡ ಸತ್ತ, ಸುಮಾರು ಹತ್ತು ವರ್ಷವಿರುವಷ್ಟರಲ್ಲಿ ಇಬ್ಬರು ಮಕ್ಕಳೂ ಸತ್ತರು. ತಿರುಗಿ ಊರಿಗೆ ಬಂದಾಗ ಹೆಂಗಸರು ಹೆಸರು ಹಿಡಿದು ಕರೆದರೆ, ‘ನೊವೊಮಿ ಅನ್ನಬೇಡಿ, ಮಾರಾ ಅನ್ನಿ’ ಎಂದಳು. ಮಾರಾ ಅಂದರೆ ಕಹಿ. ತುಂಬಿಕೊಂಡು ಹೋದವಳನ್ನು ದೇವರು ಬರಿಗೈಯಲ್ಲಿ ತಂದ ಎಂದು ಬೀದಿಯಲ್ಲೇ ನಿಂತು ಹೇಳಿದಳು. ಅದಕ್ಕೆ ದೇವರು ಅವಳನ್ನು ಗದರಿದ್ದು ಆ ಕಥೆಯಲ್ಲಿ ಎಲ್ಲೂ ಇಲ್ಲ.

ಕೃಪೆ ಎಂದು ನಾವು ಓದುವ ಕಡೆ ಕೀರ್ತನೆಯ ಹೀಬ್ರೂ ಮೂಲದಲ್ಲಿರುವ ಪದ ‘ಹೆಸೆದ್’. ಬರಿಯ ಮರುಕವಲ್ಲ ಅದು, ಹಿಡಿದ ಕೈಯನ್ನು ಬಿಡದಿರುವುದು. ಅದೇ ಪದ ನೊವೊಮಿಯ ಈ ಕಥೆಯಲ್ಲಿ, ಅಂದರೆ ಅವಳ ಸೊಸೆ ರೂತಳ ಕಥೆಯಲ್ಲಿ, ಮೂರು ಸಲ ಬರುತ್ತದೆ, ಎರಡು ಸಲ ಸೊಸೆಯಂದಿರ ನಡತೆಗೇ! ರೂತಳು ಅತ್ತೆಗೆ ಉಪದೇಶ ಮಾಡಲಿಲ್ಲ. ಜವೆಗೋದಿಯ ಸುಗ್ಗಿಯಲ್ಲಿ ಕಂಡವರ ಹೊಲಕ್ಕೆ ಹೋಗಿ ಸಂಜೆಯವರೆಗೆ ಹಕ್ಕಲು ಆಯ್ದು, ಬಡಿದು, ಕಾಳು ಹೊತ್ತು ತಂದಳು.

ಹಾಗಾಗಿ ಅಕ್ಕಾ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮಗೆ ನಂಬಿಕೆಯಿರುವ ಒಬ್ಬರ ಹತ್ತಿರ ಸಾಲ ಎಷ್ಟಿದೆ, ಬಡ್ಡಿ ಎಷ್ಟು ಎಂದು ಬಿಚ್ಚಿ ಹೇಳಿ. ಮುಚ್ಚಿಟ್ಟರೆ ಯಾರು ತಾನೇ ಹೆಗಲು ಕೊಟ್ಟಾರು? ಮಾರಾ ಅನ್ನಿಸಿಕೊಂಡವಳ ಬಾಯಿಂದ ಹೆಸೆದ್ ಎಂಬ ಮಾತು ದೇವರ ಹೆಸರಿನೊಡನೆ ಹೊರಟದ್ದು, ಸೊಸೆ ತಂದ ಆ ಕಾಳನ್ನು ಕಂಡ ಸಂಜೆ.