ಅಲೆಘೆನಿ ಕೌಂಟಿಯ ಹಳೆ ಜೈಲು: ಕಟ್ಟಡವನ್ನು ಓದುವ ಬಗೆ

ಅಮೆರಿಕದಲ್ಲಿ ಜೈಲೇ ಬೇರೆ, ಪ್ರಿಸನ್ನೇ ಬೇರೆ. ಟಿಪ್ಪಣಿ ಮಾಡಿಕೊಳ್ಳುವವರು ಮೊದಲು ಎಡವುವುದೇ ಇಲ್ಲಿ. ದೀರ್ಘ ಶಿಕ್ಷೆಯಾದವರು ಪ್ರಿಸನ್‌ಗೆ ಹೋಗುತ್ತಾರೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಅದರ ಜೈಲಿನಲ್ಲಿರುವವರು ವಿಚಾರಣಾಧೀನರು, ಇಲ್ಲವೇ ಸಣ್ಣ ಅವಧಿಯ ಶಿಕ್ಷೆಯವರು. ವಿಚಾರಣಾಧೀನರನ್ನು ಪದೇಪದೇ ಕೋರ್ಟಿಗೆ ಕರೆದೊಯ್ಯಬೇಕು. ಅಲೆಘೆನಿ ಕೌಂಟಿಯ ಪಿಟ್ಸ್‌ಬರ್ಗ್ ನಗರದಲ್ಲಿರುವ ಈ ಕಟ್ಟಡದ ನಕ್ಷೆಗೆ ಬೀಗದ ಕೈ ಇದೇ.

1882ರಲ್ಲಿ ಹಳೆ ಕೋರ್ಟು ಬೆಂಕಿಗೆ ಆಹುತಿಯಾಯಿತು. ಹೊಸ ಕೋರ್ಟು, ಜೈಲು ಎರಡನ್ನೂ ಒಟ್ಟಿಗೇ ವಿನ್ಯಾಸ ಮಾಡಿದವರು ಹೆನ್ರಿ ಹಾಬ್ಸನ್ ರಿಚರ್ಡ್ಸನ್. 1884ರಲ್ಲಿ ಕೆಲಸ ಶುರು. ಜೈಲು ಮುಗಿದದ್ದು 1886ರಲ್ಲಿ, ಕೋರ್ಟು 1888ರಲ್ಲಿ. 1886ರ ಏಪ್ರಿಲ್‌ನಲ್ಲೇ ರಿಚರ್ಡ್ಸನ್ ತೀರಿಕೊಂಡಿದ್ದರು. ಎರಡರ ನಡುವೆ ರಾಸ್ ಸ್ಟ್ರೀಟ್ ಹಾಯುತ್ತದೆ. ಕೈದಿಯನ್ನು ಬೀದಿಗಿಳಿಸದೆ ದಾಟಿಸಲು ಮೇಲೊಂದು ಮುಚ್ಚಿದ ಕಲ್ಲಿನ ಸೇತುವೆ. ವೆನಿಸ್‌ನಲ್ಲಿರುವ ಇಂಥದೇ ಸೇತುವೆಯ ಹೆಸರೇ ಇದಕ್ಕೂ ಬಂತು, ‘ನಿಟ್ಟುಸಿರಿನ ಸೇತುವೆ’.

ಜೈಲಿನ ನಕ್ಷೆ ಶಿಲುಬೆಯಾಕಾರ. ನಡುವೆ ಎಂಟು ಮೂಲೆಯ ಹಜಾರ, ಅಲ್ಲಿಂದ ಚಾಚಿದ ರೆಕ್ಕೆಗಳು. ನಡುವೆ ನಿಂತರೆ ರೆಕ್ಕೆಗಳತ್ತ ಸುತ್ತಲೂ ಕಣ್ಣು ಹಾಯುತ್ತದೆ, ಕಾವಲಿಗೆ ಜನ ಕಡಿಮೆ ಸಾಕು.

ಹೊರಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಶೈಲಿಯನ್ನು ‘ರೋಮನೆಸ್ಕ್’ (ದಪ್ಪ ಗೋಡೆ, ಅರ್ಧವೃತ್ತದ ಕಮಾನುಗಳ ಮಧ್ಯಯುಗದ ಯುರೋಪಿನ ಶೈಲಿ) ಅಂದುಬಿಟ್ಟರೆ ಕೆತ್ತನೆಯ ನಿರೀಕ್ಷೆ ಹುಟ್ಟುತ್ತದೆ. ಇಲ್ಲಿ ಕೆತ್ತನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮ್ಯಾಸಚೂಸೆಟ್ಸ್‌ನ ಮಿಲ್‌ಫರ್ಡ್‌ನಿಂದ ತಂದ ಗ್ರಾನೈಟ್ ಅದು. ಮುಖವನ್ನು ನಯ ಮಾಡದೆ ಒರಟಾಗಿಯೇ ಬಿಟ್ಟಿದ್ದಾರೆ. ಬಾಗಿಲ ಕಮಾನಿನ ಕಲ್ಲುಗಳಂತೂ ಬಾಗಿಲಿಗೆ ಹೋಲಿಸಿದರೆ ಅತಿಯಾಯಿತೇನೋ ಅನಿಸುವಷ್ಟು ಉದ್ದ. ಆ ‘ಅತಿ’ಯೇ ಉದ್ದೇಶ. ನನ್ನ ಮಟ್ಟಿಗೆ ಗೋಪುರವಿರುವ ಕೋರ್ಟಿಗಿಂತ ಈ ಬೋಳು ಗೋಡೆಯೇ ಮೇಲು.

ಗೋಡೆ ಗಟ್ಟಿಯಾದರೆ ಸಾಲದು ಎಂಬುದಕ್ಕೆ 1902ರ ಜನವರಿ 30 ಸಾಕ್ಷಿ. ಇಲ್ಲಿ ಕೈದಿಗಳಾಗಿದ್ದ ಬಿಡ್ಲ್ ಸೋದರರು ಅಂದು ತಪ್ಪಿಸಿಕೊಂಡರು. ಗರಗಸ, ಪಿಸ್ತೂಲು ಒಳಗೆ ತಂದುಕೊಟ್ಟವಳು ಜೈಲಿನ ಮುಖ್ಯಸ್ಥನಾದ ವಾರ್ಡನ್‌ನ ಹೆಂಡತಿ ಕೇಟ್ ಸೋಫೆಲ್.

1904–08ರಲ್ಲಿ ವಾಸ್ತುಶಿಲ್ಪಿ ಫ್ರೆಡರಿಕ್ ಓಸ್ಟರ್ಲಿಂಗ್ ಜೈಲನ್ನು ಹಿಗ್ಗಿಸಿದರು. ಮೂಲ ಶೈಲಿಯನ್ನೇ ಹಿಡಿದು ಕಟ್ಟಿದ್ದರಿಂದ ಕಂಡದ್ದನ್ನೆಲ್ಲ ರಿಚರ್ಡ್ಸನ್ ಲೆಕ್ಕಕ್ಕೆ ಬರೆಯುವ ತಪ್ಪು ಸುಲಭವಾಗಿ ಆಗುತ್ತದೆ. ಇನ್ನೊಂದು ತಪ್ಪು ಕೋರ್ಟಿನ ಗ್ರಾಂಟ್ ಸ್ಟ್ರೀಟ್ ಬಾಗಿಲಿನದು. 1910ರ ದಶಕದಲ್ಲಿ ಗುಡ್ಡ ಕಡಿದು ರಸ್ತೆ ತಗ್ಗಿಸಿದಾಗ ನೆಲಮಾಳಿಗೆ ಬಯಲಾಯಿತು. ಈಗ ಜನ ಒಳಹೋಗುವುದು ಆ ಮಟ್ಟದಲ್ಲಿ, ಮೂಲ ಬಾಗಿಲು ಅದಕ್ಕಿಂತ ಮೇಲಿತ್ತು.

1995ರಲ್ಲಿ ಕೈದಿಗಳು ಹೊಸ ಜೈಲಿಗೆ ಹೋದರು. ಹಳೆಯದರಲ್ಲಿ 2000ದಿಂದ ಕೌಟುಂಬಿಕ ನ್ಯಾಯಾಲಯ ನಡೆಯುತ್ತಿದೆ. ಕೆಲವು ಸೆಲ್‌ಗಳನ್ನು ಮಾತ್ರ ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ.