ಕೆಸುವಿನ ಎಲೆಯನ್ನು ತಡವಿ ನೋಡುವ ಸೂಜಿ

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಪತ್ರೊಡೆಗೆಂದು ಕೆಸುವಿನ ಎಲೆ ತೊಳೆಯಲು ಕುಳಿತವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ: ಎಷ್ಟು ನೀರು ಸುರಿದರೂ ಅದು ಪಾದರಸದ ಗುಂಡುಗಳಂತೆ ಉರುಳಿಹೋಗುತ್ತದೆಯೇ ಹೊರತು ಎಲೆ ಒದ್ದೆಯಾಗುವುದಿಲ್ಲ. ಮೊನ್ನೆ ಹಿತ್ತಲಿನಿಂದ ತಂದ ಎಲೆಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ ನೋಡಿದೆ. ಬೂದಿ ಸವರಿದಂತಿದ್ದ ಮಸುಕು ಹೋಗಿ ಕಡುಹಸಿರು ಕಾಣಿಸಿತು. ಹನಿ ಅಂಟಿಕೊಂಡಿದ್ದು ಆ ಜಾಗದಲ್ಲಿ ಮಾತ್ರ.

ಉಜ್ಜಿಹೋದದ್ದು ಮೇಣ. ಆದರೆ ನುಣುಪಾದ ಮೇಣದ ಮೇಲೆ ಹನಿಯ ಅಂಚು ಸುಮಾರು 110 ಡಿಗ್ರಿ ಕೋನದಲ್ಲಿ ನಿಂತರೆ, ಕೆಸುವಿನ ಮೇಲೆ ಅದು 150ನ್ನು ದಾಟುತ್ತದೆ; ಕೋನ ಹೆಚ್ಚಿದಷ್ಟೂ ಹನಿ ದುಂಡಗಾಗಿ, ಎಲೆಗೆ ಕಡಿಮೆ ತಾಗುತ್ತದೆ. ಎಲೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳಿವೆ, ಅವುಗಳ ಮೈಮೇಲೆ ಇನ್ನೂ ಸಣ್ಣ, ನ್ಯಾನೋಮೀಟರುಗಳಲ್ಲಿ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಅಳೆಯಬೇಕಾದ ಮೇಣದ ಹರಳುಗಳಿವೆ. ಹನಿ ಇವುಗಳ ತುದಿಯಲ್ಲಷ್ಟೇ ಕೂರುತ್ತದೆ, ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಹೀಗೆ ಎರಡು ವಸ್ತುಗಳು ಸಂಧಿಸುವ ಗಡಿಯನ್ನು ರಸಾಯನವಿಜ್ಞಾನಿಗಳು ಇಂಟರ್‌ಫೇಸ್ ಎನ್ನುತ್ತಾರೆ. ತುಕ್ಕು, ಅಂಟು, ಸಾಬೂನಿನ ನೊರೆ, ಎಲ್ಲದರ ವ್ಯವಹಾರವೂ ಈ ಗಡಿಯಲ್ಲೇ.

ಅದನ್ನು ನೋಡುವುದು ಹೇಗೆ? ಬೆಳಕಿನ ಸಾಮಾನ್ಯ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ತೋರಿಸಲಾರದು. ಬೆಳಕಿನ ಅಲೆಯುದ್ದವೇ ಒಡ್ಡುವ ಈ ಮಿತಿಯನ್ನು ಜರ್ಮನ್ ಭೌತವಿಜ್ಞಾನಿ ಎರ್ನ್‌ಸ್ಟ್ ಅಬ್ಬೆ 1873ರಲ್ಲೇ ವಿವರಿಸಿದ್ದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಈ ಮಿತಿಯನ್ನು ದಾಟಿತಾದರೂ ಅದಕ್ಕೆ ಸಾಮಾನ್ಯವಾಗಿ ನಿರ್ವಾತ ಬೇಕು, ಅಲ್ಲಿ ನೀರಹನಿ ಉಳಿಯುವುದಿಲ್ಲ. 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಪ್ರಕಟಿಸಿದ ಪರಮಾಣು ಬಲ ಸೂಕ್ಷ್ಮದರ್ಶಕದ ಹಾದಿಯೇ ಬೇರೆ: ಅದು ನೋಡುವುದಿಲ್ಲ, ತಡವುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಸ್ವಲ್ಪ ಉದ್ದವಾದ ಪುಟ್ಟ ಪಟ್ಟಿಯೊಂದರ ತುದಿಯಲ್ಲಿ, ಸುಮಾರು 10 ನ್ಯಾನೋಮೀಟರ್ ತ್ರಿಜ್ಯಕ್ಕೆ ಮಸೆದ ಮೊನೆ ಇರುತ್ತದೆ. ಮೊನೆ ಮೇಲ್ಮೈಯ ಮೇಲೆ ಸಾಲುಸಾಲಾಗಿ ಸಾಗುವಾಗ ಪಟ್ಟಿ ಬಾಗುತ್ತದೆ, ಅದರ ಬೆನ್ನಿಗೆ ತಾಗಿ ಹೊರಳುವ ಲೇಸರ್ ಕಿರಣ ಆ ಬಾಗುವಿಕೆಯನ್ನು ದಾಖಲಿಸುತ್ತದೆ, ಕಂಪ್ಯೂಟರ್ ಅದರಿಂದ ಉಬ್ಬುತಗ್ಗಿನ ನಕ್ಷೆ ಬಿಡಿಸುತ್ತದೆ. ನೀರಿನೊಳಗೂ ಇದು ಕೆಲಸ ಮಾಡಬಲ್ಲದು ಎಂಬುದೇ, ನನ್ನ ಮಟ್ಟಿಗೆ, ಇದರ ದೊಡ್ಡ ಗುಣ.

ತೊಡಕೂ ಉಂಟು. ಒತ್ತಿ ಎಳೆದರೆ ಮೆದುವಾದ ಮೇಣ ನನ್ನ ಹೆಬ್ಬೆರಳಿಗೆ ಸಿಕ್ಕಿದಂತೆಯೇ ಕಿತ್ತುಹೋಗುತ್ತದೆ. ಹಾಗಾಗಿ ಮೊನೆಯನ್ನು ಕಂಪಿಸುತ್ತ ಮೆಲ್ಲಗೆ ತಟ್ಟಿಸಬೇಕು. ಇನ್ನು ಮೊನೆ ಮೊಂಡಾಗಿದ್ದರೆ, ಚೂಪಾದ ಹರಳುಗಳೂ ದುಂಡಗೆ ಕಾಣುತ್ತವೆ: ಚಿತ್ರದಲ್ಲಿ ಮೂಡುವುದು ಎಲೆಯಲ್ಲ, ಮೊನೆಯೇ. ಆದ್ದರಿಂದ ಎಲೆಯನ್ನಿಡುವ ಮೊದಲು ಆಕಾರ ಗೊತ್ತಿರುವ ಮಾದರಿಯೊಂದನ್ನು ತಡವಿಸಿ, ಮೊನೆಯನ್ನೇ ಪರೀಕ್ಷಿಸಿಕೊಳ್ಳುವುದು ವಾಡಿಕೆ.