ಬ್ಯಾಂಕಿನ ಲೋನ್ ಆಫೀಸರಿಗೆ ಲೈಸೆನ್ಸ್ ಇಲ್ಲದಿದ್ದರೆ ನಡೆಯುತ್ತದೆಯೇ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ ಮೊದಲ ಮನೆ ಕೊಳ್ಳುತ್ತಿದ್ದೇವೆ. ಸಾಲಕ್ಕಾಗಿ ಒಬ್ಬ ಬ್ಯಾಂಕ್ ಲೋನ್ ಆಫೀಸರ್ ಮತ್ತು ಒಬ್ಬ ಮಾರ್ಟ್‌ಗೇಜ್ ಬ್ರೋಕರ್ (ಮನೆ ಸಾಲ ಕೊಡಿಸುವ ಮಧ್ಯವರ್ತಿ) ಜೊತೆ ಮಾತಾಡಿದೆವು. ಇಬ್ಬರ ಕಾರ್ಡಿನಲ್ಲೂ ಎನ್‌ಎಂಎಲ್‌ಎಸ್ (ಮನೆ ಸಾಲ ಮಾಡಿಸುವವರ ದಾಖಲೆ ವ್ಯವಸ್ಥೆ) ನಂಬರ್ ಇದೆ. ಆದರೆ ಬ್ಯಾಂಕಿನವರಿಗೆ ಲೈಸೆನ್ಸ್ ಇಲ್ಲವಂತೆ. ಅವರ ಹತ್ತಿರ ಸಾಲ ತೆಗೆದುಕೊಳ್ಳಬಹುದೇ?

ಧಾರಾಳವಾಗಿ ತೆಗೆದುಕೊಳ್ಳಬಹುದು. ಅವರು ಏನನ್ನೂ ಮುಚ್ಚಿಡುತ್ತಿಲ್ಲ, ಅಮೆರಿಕದ ಕಾನೂನೇ ಹಾಗಿದೆ. ಆದರೆ ಎರಡು ನಂಬರ್‌ಗಳು ನೋಡಲು ಒಂದೇ ಥರ ಇದ್ದರೂ ಅವುಗಳ ಹಿಂದಿರುವ ತಪಾಸಣೆ ಒಂದೇ ಅಲ್ಲ. ಅದನ್ನು ತಿಳಿದುಕೊಂಡೇ ಸಹಿ ಹಾಕಿ.

2008ಕ್ಕೆ ಮೊದಲು ಮನೆ ಸಾಲ ಮಾಡಿಸುವವರ ಮೇಲಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿತ್ತು. ಕೆಲವು ಕಡೆ ಕಂಪನಿಗೆ ಲೈಸೆನ್ಸ್ ಇದ್ದರೆ ಸಾಕಿತ್ತು. ಗ್ರಾಹಕರ ಎದುರು ಕೂತು ಮಾತಾಡುವ ವ್ಯಕ್ತಿ ಯಾರು, ಹಿಂದೆ ಏನು ಮಾಡಿದ್ದಾನೆ ಎಂದು ಕೇಳುವವರಿರಲಿಲ್ಲ. ಒಂದು ರಾಜ್ಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವನು ಪಕ್ಕದ ರಾಜ್ಯದಲ್ಲಿ ಹೊಸದಾಗಿ ಕೆಲಸ ಶುರು ಮಾಡಬಹುದಿತ್ತು. ಗ್ರಾಹಕರಿಗೆ ಜಾಸ್ತಿ ಬಡ್ಡಿಯ ಸಾಲ ಕೊಡಿಸಿದರೆ ಸಾಲ ಮಾಡಿಸಿದವನಿಗೆ ಜಾಸ್ತಿ ಕಮಿಷನ್ ಸಿಗುವ ಪದ್ಧತಿಯೂ ಇತ್ತು. ಆದಾಯದ ದಾಖಲೆಯನ್ನೇ ಕೇಳದೆ ಸಾಲ ಕೊಟ್ಟರು. ಕಂತು ಏರಿದಾಗ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು.

ಆಗ ಬಂದದ್ದು ಮನೆ ಸಾಲ ಮಾಡಿಸುವವರಿಗೆ ಲೈಸೆನ್ಸ್ ಅಥವಾ ನೋಂದಣಿ ಕಡ್ಡಾಯ ಮಾಡಿದ ಸೇಫ್ ಕಾಯ್ದೆ. 2008ರ ಜುಲೈನಲ್ಲಿ ಸಹಿಯಾಯಿತು. ರಾಜ್ಯಗಳ ನಿಯಂತ್ರಕರು ಅದೇ ವರ್ಷದ ಜನವರಿಯಲ್ಲಿ ಎನ್‌ಎಂಎಲ್‌ಎಸ್ ಎಂಬ ದೇಶವ್ಯಾಪಿ ದಾಖಲೆ ವ್ಯವಸ್ಥೆ ಶುರು ಮಾಡಿದ್ದರು. ಕಾಯ್ದೆ ಅದನ್ನೇ ಬುನಾದಿ ಮಾಡಿಕೊಂಡಿತು. ಒಬ್ಬ ವ್ಯಕ್ತಿಗೆ ಒಂದೇ ನಂಬರ್. ಕಂಪನಿ ಬಿಟ್ಟರೂ, ಊರು ಬದಲಿಸಿದರೂ ಅದೇ ನಂಬರ್ ಜೊತೆಗೆ ಬರುತ್ತದೆ. ನನ್ನ ಮಟ್ಟಿಗೆ ಈ ಕಾಯ್ದೆಯ ದೊಡ್ಡ ಉಪಕಾರ ಇದೇ.

ಬ್ರೋಕರ್‌ಗಳು ಮತ್ತು ಬ್ಯಾಂಕೇತರ ಸಾಲ ಕಂಪನಿಗಳ ಲೋನ್ ಆಫೀಸರ್‌ಗಳು ರಾಜ್ಯದ ಲೈಸೆನ್ಸ್ ಪಡೆಯಬೇಕು. ಮೊದಲು ಕನಿಷ್ಠ 20 ಗಂಟೆ ಪಾಠ. ಅದರಲ್ಲಿ 3 ಗಂಟೆ ಕೇಂದ್ರ ಕಾನೂನು, 3 ಗಂಟೆ ನೀತಿ ಮತ್ತು ವಂಚನೆ ತಡೆ, 2 ಗಂಟೆ ಮಾಮೂಲಿಯಲ್ಲದ ಸಾಲಗಳ ಬಗ್ಗೆ ಇರಲೇಬೇಕು. ಆಮೇಲೆ ಪರೀಕ್ಷೆ. 75 ಪರ್ಸೆಂಟ್ ಬಂದರೆ ಮಾತ್ರ ಪಾಸ್. ಸತತ ಮೂರು ಸಲ ಫೇಲಾದರೆ ಆರು ತಿಂಗಳು ಕಾಯಬೇಕು. ಬೆರಳಚ್ಚು ಎಫ್‌ಬಿಐಗೆ ಹೋಗುತ್ತದೆ. ಅವರ ಸ್ವಂತ ಕ್ರೆಡಿಟ್ ರಿಪೋರ್ಟನ್ನೂ ನೋಡುತ್ತಾರೆ. ಕಳೆದ 7 ವರ್ಷದಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಲೈಸೆನ್ಸ್ ಇಲ್ಲ. ಆ ಅಪರಾಧ ವಂಚನೆ ಅಥವಾ ನಂಬಿಕೆದ್ರೋಹದ್ದಾಗಿದ್ದರೆ ಎಷ್ಟು ಹಳೆಯದಾದರೂ ಇಲ್ಲ. ಪ್ರತಿ ವರ್ಷ 8 ಗಂಟೆ ಓದಿ ನವೀಕರಿಸಿಕೊಳ್ಳಬೇಕು.

ಬ್ಯಾಂಕ್ ಮತ್ತು ಕ್ರೆಡಿಟ್ ಯೂನಿಯನ್ ನೌಕರರಿಗೆ ಬರೀ ನೋಂದಣಿ. ಬೆರಳಚ್ಚು ಕೊಡುತ್ತಾರೆ, ಹಿಂದಿನ 10 ವರ್ಷದ ಕೆಲಸದ ವಿವರ ಕೊಡುತ್ತಾರೆ, ನಂಬರ್ ಸಿಗುತ್ತದೆ. ರಾಜ್ಯದ ಪರೀಕ್ಷೆಯೂ ಇಲ್ಲ, 20 ಗಂಟೆಯ ಪಾಠವೂ ಇಲ್ಲ. ಬ್ಯಾಂಕಿನ ಮೇಲೆ ಆಗಲೇ ಸರ್ಕಾರದ ಕಣ್ಣಿದೆ, ತರಬೇತಿಯನ್ನು ಬ್ಯಾಂಕೇ ನೋಡಿಕೊಳ್ಳಲಿ ಎಂಬುದು ಇದರ ಹಿಂದಿನ ವಾದ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಮನೆ ಕೊಳ್ಳುವವರ ಮುಂದೆ ಇಬ್ಬರೂ ಅದೇ ಕಾಗದ ಇಡುತ್ತಾರೆ, ಅದೇ ಸಲಹೆ ಕೊಡುತ್ತಾರೆ. ಪರೀಕ್ಷೆಯೂ ಇಬ್ಬರಿಗೂ ಒಂದೇ ಇರಬೇಕಿತ್ತು, ಅಲ್ವಾ? ನಮ್ಮ ಬೆಂಗಳೂರಿನಲ್ಲಿ ಹೋಮ್ ಲೋನ್ ಮಾಡಿಸಿಕೊಡುವ ಡಿಎಸ್‌ಎ ಏಜೆಂಟರಿಗೂ ಹೀಗೆಯೇ. ಅವರನ್ನು ಬ್ಯಾಂಕೇ ನೇಮಿಸುತ್ತದೆ, ಅವರ ನಡತೆಗೆ ಬ್ಯಾಂಕೇ ಹೊಣೆ.

ಈಗ ನೀವು ಮಾಡಬೇಕಾದ್ದು. ಎನ್‌ಎಂಎಲ್‌ಎಸ್ ಕನ್ಸ್ಯೂಮರ್ ಆಕ್ಸೆಸ್ ಎಂಬ ವೆಬ್‌ಸೈಟಿನಲ್ಲಿ ಇಬ್ಬರ ನಂಬರನ್ನೂ ಹಾಕಿ ನೋಡಿ. ದುಡ್ಡು ಕೊಡಬೇಕಿಲ್ಲ. ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದಾರೆ, ನಿಯಂತ್ರಕರು ಏನಾದರೂ ಕ್ರಮ ಕೈಗೊಂಡಿದ್ದಾರಾ ಎಂಬುದು ಅಲ್ಲಿ ಕಾಣುತ್ತದೆ. ಬ್ರೋಕರ್ ಹೆಸರಿನ ಕೆಳಗೆ ಟೆಕ್ಸಾಸ್ ಇದೆಯೇ ಎಂದು ಮುಖ್ಯವಾಗಿ ನೋಡಿ. ಮನೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಲೈಸೆನ್ಸ್ ಬೇಕು. ಕನ್ನಡ ಕೂಟದಲ್ಲಿ ಪರಿಚಯವಾದ ನ್ಯೂಜೆರ್ಸಿಯ ಸ್ನೇಹಿತರು ಎಷ್ಟೇ ಒಳ್ಳೆಯವರಿರಲಿ, ಅಲ್ಲಿನ ಲೈಸೆನ್ಸ್ ಮಾತ್ರ ಇದ್ದರೆ ನಿಮ್ಮ ಡಲ್ಲಾಸ್ ಮನೆಗೆ ಆಗುವುದಿಲ್ಲ. ಒಂದು ವಿನಾಯಿತಿ ಇದೆ. ಬ್ಯಾಂಕ್ ಬಿಟ್ಟು ಬಂದವರು ಅಥವಾ ಬೇರೆ ರಾಜ್ಯದ ಲೈಸೆನ್ಸ್ ಇರುವವರು ಹೊಸ ಅರ್ಜಿ ಹಾಕಿದ್ದರೆ, ಕೆಲವು ಷರತ್ತುಗಳ ಮೇಲೆ, ಗರಿಷ್ಠ 120 ದಿನ ತಾತ್ಕಾಲಿಕವಾಗಿ ಕೆಲಸ ಮಾಡಬಹುದು. 2019ರ ನವೆಂಬರ್‌ನಿಂದ ಈ ಅವಕಾಶ ಇದೆ.

ಅರ್ಜಿ ಕೊಟ್ಟ ಮೂರು ಕೆಲಸದ ದಿನಗಳೊಳಗೆ ಲೋನ್ ಎಸ್ಟಿಮೇಟ್ ಎಂಬ ಮೂರು ಪುಟದ ಕಾಗದ ನಿಮಗೆ ಕಳಿಸಬೇಕು. ಮೂರನೇ ಪುಟದಲ್ಲಿ ಲೋನ್ ಆಫೀಸರ್ ಹೆಸರು, ನಂಬರ್ ಎರಡೂ ಇರುತ್ತವೆ. ನಿಮ್ಮ ಜೊತೆ ಫೋನಿನಲ್ಲಿ ಬಡ್ಡಿ ಬಗ್ಗೆ ಚೌಕಾಸಿ ಮಾಡಿದವರು ಒಬ್ಬರು, ಕಾಗದದಲ್ಲಿರುವವರು ಇನ್ನೊಬ್ಬರು ಆಗಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಕೇಳಿ. ಲೈಸೆನ್ಸ್ ಇಲ್ಲದ ಸಹಾಯಕರು ದಾಖಲೆ ಜೋಡಿಸಬಹುದು, ಸಾಲದ ಬಡ್ಡಿ, ಷರತ್ತುಗಳ ಬಗ್ಗೆ ಚೌಕಾಸಿ ಮಾಡುವಂತಿಲ್ಲ.

ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಒಳ್ಳೆಯ ಬಡ್ಡಿ ಸಿಗುತ್ತದೆ ಎಂದುಕೊಳ್ಳಬೇಡಿ. ಬಡ್ಡಿ ಏರಿಸಿ ಜಾಸ್ತಿ ಕಮಿಷನ್ ಪಡೆಯುವುದನ್ನು ಈಗ ಇಬ್ಬರಿಗೂ ನಿಷೇಧಿಸಲಾಗಿದೆ. ಹಾಗಿದ್ದೂ ಶುಲ್ಕಗಳಲ್ಲಿ ಅಂತರ ಇರುತ್ತದೆ. ಇಬ್ಬರಿಂದಲೂ ಒಂದೇ ದಿನ ಎಸ್ಟಿಮೇಟ್ ತರಿಸಿ, ಪಕ್ಕದಲ್ಲಿಟ್ಟು ಓದಿ. ಮುಂದೆ ಏನಾದರೂ ಎಡವಟ್ಟಾದರೆ ಬ್ರೋಕರ್ ಮೇಲಿನ ದೂರು ಟೆಕ್ಸಾಸ್‌ನ ಸೇವಿಂಗ್ಸ್ ಅಂಡ್ ಮಾರ್ಟ್‌ಗೇಜ್ ಲೆಂಡಿಂಗ್ ಇಲಾಖೆಗೆ ಹೋಗುತ್ತದೆ. ಬ್ಯಾಂಕಿನವರ ಮೇಲಾದರೆ ಕೇಂದ್ರ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯಾದ ಸಿಎಫ್‌ಪಿಬಿಗೆ ಬರೆಯಿರಿ.